ಒಂದು ಕಂಪ್ಯೂಟರ್, ನಾಲ್ಕೈದು ಹಾರ್ಡ್ ಡಿಸ್ಕ್: ಪವರ್ಡ್ ಯುಎಸ್‌ಬಿ ಹಬ್ ಸರಿಯಾಗಿ ಜೋಡಿಸುವುದು ಹೇಗೆ

ಪೋರ್ಟೆಬಲ್ ಹಾರ್ಡ್ ಡಿಸ್ಕ್ ಒಂದೇ ಇದ್ದಾಗ ಯಾವ ತಲೆನೋವೂ ಇಲ್ಲ. ಕಂಪ್ಯೂಟರಿನ ಹಿಂದೆ ಚುಚ್ಚಿದರೆ ಆಯಿತು. ಮದುವೆ ವಿಡಿಯೊ ಒಂದರಲ್ಲಿ, ಮಕ್ಕಳ ಫೋಟೊ ಇನ್ನೊಂದರಲ್ಲಿ, ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿ ಕೇಸಿಂಗಿಗೆ ಹಾಕಿದ್ದು ಮತ್ತೊಂದು ಎಂದು ನಾಲ್ಕಾದಾಗ ರಗಳೆ ಶುರುವಾಗುತ್ತದೆ. ಕಾಪಿ ಅರ್ಧಕ್ಕೆ ನಿಲ್ಲುತ್ತದೆ. ಡ್ರೈವ್ ಕಾಣೆಯಾಗುತ್ತದೆ, ತಾನಾಗಿಯೇ ಮತ್ತೆ ಬರುತ್ತದೆ. ಒಳಗಿನಿಂದ ಟಿಕ್ ಟಿಕ್ ಸದ್ದು. ‘ಡಿಸ್ಕ್ ಹೋಯ್ತು’ ಅಂದುಕೊಂಡು ಹೊಸದು ತರುವವರೇ ಜಾಸ್ತಿ. ಆದರೆ ಹಬ್ಬಿಗೆ, ಅಂದರೆ ಒಂದು ಯುಎಸ್‌ಬಿ ಪೋರ್ಟನ್ನು ಹಲವಾಗಿಸುವ ಡಬ್ಬಿಗೆ, ಹಾಕಿದ ಮೇಲೆ ಹೀಗಾಗುತ್ತಿದ್ದರೆ ಮೊದಲು ಅನುಮಾನಪಡಬೇಕಾದ್ದು ಡಿಸ್ಕನ್ನಲ್ಲ, ಅದಕ್ಕೆ ಸಿಗುತ್ತಿರುವ ಕರೆಂಟನ್ನು.

ಹಬ್ ಕೊಳ್ಳುವಾಗ ಎಲ್ಲರೂ ನೋಡುವುದು ಎಷ್ಟು ಪೋರ್ಟ್ ಇದೆ ಎಂದು. ನೋಡಬೇಕಾದ್ದು ಅದರ ಅಡಾಪ್ಟರ್ ಎಷ್ಟು ವ್ಯಾಟ್ ಕೊಡುತ್ತದೆ ಎಂದು. ಹೀಗೆ ಸ್ವಂತ ಅಡಾಪ್ಟರ್ ಇರುವುದೇ ಪವರ್ಡ್ ಹಬ್.

ಯಾವ ಡ್ರೈವ್ ಎಷ್ಟು ಕರೆಂಟ್ ಕೇಳುತ್ತದೆ

ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ ಕೊಡಬೇಕಾದ್ದು 5 ವೋಲ್ಟಿನಲ್ಲಿ 500 ಮಿಲಿಆಂಪ್, ಅಂದರೆ 2.5 ವ್ಯಾಟ್. ಯುಎಸ್‌ಬಿ 3.0 ಪೋರ್ಟ್ 900 ಮಿಲಿಆಂಪ್, 4.5 ವ್ಯಾಟ್. ಅಡಾಪ್ಟರ್ ಇಲ್ಲದ ಸಾದಾ ಹಬ್ ಹಾಕಿದರೆ ಈ 900 ಮಿಲಿಆಂಪನ್ನೇ ಹಬ್ಬಿಗೆ ಹಾಕಿದ ಎಲ್ಲವೂ ಹಂಚಿಕೊಳ್ಳಬೇಕು. ಅಂಥ ಹಬ್ ಕೀಬೋರ್ಡ್, ಮೌಸ್, ಪೆನ್ ಡ್ರೈವಿಗೆ ಸರಿ. ಎರಡು ಹಾರ್ಡ್ ಡಿಸ್ಕಿಗೆ ಖಂಡಿತ ಅಲ್ಲ.

ಎರಡೂವರೆ ಇಂಚಿನ ಪೋರ್ಟೆಬಲ್ ಡಿಸ್ಕ್ ತಟ್ಟೆ ತಿರುಗಿಸಲು ಶುರುಮಾಡುವ ಮೊದಲ ಕೆಲವು ಸೆಕೆಂಡಿನಲ್ಲಿ 0.7ರಿಂದ 1 ಆಂಪ್‌ವರೆಗೆ ಎಳೆಯುತ್ತದೆ. ತಿರುಗಲು ಶುರುವಾದ ಮೇಲೆ ಓದುವಾಗ, ಬರೆಯುವಾಗ ಅರ್ಧ ಆಂಪಿನ ಆಸುಪಾಸು. ಸುಮ್ಮನಿದ್ದಾಗ ಅದಕ್ಕಿಂತ ಕಡಿಮೆ. ಹಬ್ ಲೆಕ್ಕ ಹಾಕಬೇಕಾದ್ದು ಆ ಮೊದಲ ಕೆಲವು ಸೆಕೆಂಡಿಗೆ. ಕಂಪ್ಯೂಟರ್ ಆನ್ ಮಾಡಿದ ಕ್ಷಣ ಮೂರು ಡಿಸ್ಕೂ ಒಟ್ಟಿಗೇ ಎದ್ದರೆ ಮೂರು ಆಂಪ್ ಬೇಕು.

ಚಿಪ್ಪಿನಲ್ಲೇ ಡೇಟಾ ಇಡುವ ಸಾಟಾ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಇಲ್ಲದ್ದರಿಂದ ಸುಲಭ, ಆದರೂ ಬರೆಯುವಾಗ ಕೆಲವು ಮಾಡೆಲ್‌ಗಳು 0.9 ಆಂಪ್ ಹತ್ತಿರ ಹೋಗುತ್ತವೆ. ಎನ್‌ವಿಎಂಇ ಎಂಬ ಇನ್ನೂ ವೇಗದ ಬಗೆಯ ಎಸ್‌ಎಸ್‌ಡಿಯನ್ನು ಕೇಸಿಂಗಿಗೆ ಹಾಕಿದ್ದರೆ ಅದು ಬೇರೆಯದೇ ಜಾತಿ: 5 ವ್ಯಾಟ್‌ಗೂ ಮೀರಿ ಕೇಳಬಹುದು. ಅಂಥದ್ದನ್ನು ಹಬ್ಬಿಗೆ ಹಾಕದೆ ಕಂಪ್ಯೂಟರಿನ ಪೋರ್ಟಿಗೇ ನೇರ ಹಾಕುವುದು ಒಳ್ಳೆಯದು. ಅದರ ವೇಗವೂ ಹಬ್ಬಿನಲ್ಲಿ ದಂಡ.

ಮೂರೂವರೆ ಇಂಚಿನ ದೊಡ್ಡ ಡೆಸ್ಕ್‌ಟಾಪ್ ಡ್ರೈವಿಗೆ 12 ವೋಲ್ಟ್ ಬೇಕು, ಅದು ಸಾಮಾನ್ಯ ಯುಎಸ್‌ಬಿ ಪೋರ್ಟಿನಿಂದ ಬರುವುದಿಲ್ಲ. ಅದಕ್ಕೇ ಅಂಥವು ತಮ್ಮದೇ ಅಡಾಪ್ಟರ್ ಜೊತೆ ಬರುತ್ತವೆ, ಸಾಮಾನ್ಯವಾಗಿ 12 ವೋಲ್ಟ್ 1.5 ಅಥವಾ 2 ಆಂಪ್. ಹಬ್ಬಿನ ಲೆಕ್ಕದಲ್ಲಿ ಅವನ್ನು ಬಿಟ್ಟೇ ಬಿಡಬಹುದು.

ಈಗ ಒಂದು ಮನೆಯ ಲೆಕ್ಕ ಹಾಕೋಣ. ಪೋರ್ಟೆಬಲ್ ಡಿಸ್ಕ್ ಎರಡು, ಸಾಟಾ ಎಸ್‌ಎಸ್‌ಡಿ ಒಂದು, ಅಡಾಪ್ಟರ್ ಇರುವ ದೊಡ್ಡ ಡ್ರೈವ್ ಒಂದು. ಡಿಸ್ಕ್ ಎರಡಕ್ಕೆ 2 ಆಂಪ್, ಎಸ್‌ಎಸ್‌ಡಿಗೆ 0.9, ಹಬ್ಬಿನ ಸ್ವಂತ ಖರ್ಚು ಸುಮಾರು 0.3. ಒಟ್ಟು 3.2 ಆಂಪ್, 5 ವೋಲ್ಟಿನಿಂದ ಗುಣಿಸಿದರೆ 16 ವ್ಯಾಟ್. ಹಬ್ಬಿನ ಅಡಾಪ್ಟರ್ 12 ವೋಲ್ಟಿನದಾಗಿದ್ದರೆ ಒಳಗೆ ಅದನ್ನು 5ಕ್ಕೆ ಇಳಿಸುವಾಗ ನೂರಕ್ಕೆ ಹತ್ತು ಹದಿನೈದು ಪಾಲು ಬಿಸಿಯಾಗಿ ಹೋಗುತ್ತದೆ. ಹಾಗಾಗಿ 19 ವ್ಯಾಟ್ ಬೇಕೇ ಬೇಕು. 12 ವೋಲ್ಟ್ 2 ಆಂಪಿನ ಅಡಾಪ್ಟರ್, ಅಂದರೆ 24 ವ್ಯಾಟ್, ಈ ಮನೆಗೆ ಸಾಕು. ಮುಂದೆ ಇನ್ನೊಂದು ಡಿಸ್ಕ್ ಬರುವ ಅಂದಾಜಿದ್ದರೆ 12 ವೋಲ್ಟ್ 3 ಆಂಪಿನದು ತೆಗೆದುಕೊಳ್ಳಿ.

ಇದಕ್ಕೆ ಹೋಲಿಸಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಏಳು ಪೋರ್ಟಿನ ಹಬ್ ನೋಡಿ. ಜೊತೆಗೆ ಬರುವ ಅಡಾಪ್ಟರಿನ ಮೇಲೆ 5 ವೋಲ್ಟ್ 2 ಆಂಪ್ ಎಂದಿರುತ್ತದೆ. ಹತ್ತೇ ವ್ಯಾಟ್. ಏಳು ಪೋರ್ಟಿಗೂ ಹಂಚಿದರೆ ತಲಾ 0.28 ಆಂಪ್. ಒಂದೇ ಟ್ಯಾಂಕಿಗೆ ಏಳು ನಲ್ಲಿ ಹಾಕಿದ ಹಾಗೆ: ಒಂದನ್ನು ತೆರೆದಾಗ ಜೋರಾಗಿ ಬರುತ್ತದೆ, ಮೂರು ತೆರೆದರೆ ಎಲ್ಲದರಲ್ಲೂ ಸಣ್ಣ ಧಾರೆ.

ಹಬ್ ಆರಿಸುವಾಗ

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಳ್ಳಿ, ಆನ್‌ಲೈನ್ ತರಿಸಿ, ಡಬ್ಬದ ಮೇಲಿನ ಚಿತ್ರ ನಂಬಬೇಡಿ. ಅಡಾಪ್ಟರಿನ ಮೇಲೆ ಅಂಟಿಸಿದ ಚೀಟಿ ಓದಿ. ‘ಔಟ್‌ಪುಟ್’ ಎಂಬ ಸಾಲಿನಲ್ಲಿ ವೋಲ್ಟ್ ಮತ್ತು ಆಂಪ್ ಇರುತ್ತದೆ, ಗುಣಿಸಿದರೆ ವ್ಯಾಟ್. ಬಿಐಎಸ್ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇಲ್ಲದ ಅಡಾಪ್ಟರನ್ನು ದಿನವಿಡೀ ಪ್ಲಗ್ಗಿನಲ್ಲಿ ಬಿಟ್ಟಿರುವುದು ಕ್ಷೇಮವಲ್ಲ.

ಕೆಲವು ಹಬ್‌ಗಳಲ್ಲಿ ಒಂದೆರಡು ಪೋರ್ಟ್ ಬೇರೆ ಬಣ್ಣದಲ್ಲಿ ಇರುತ್ತವೆ, ಪಕ್ಕದಲ್ಲಿ ಮಿಂಚಿನ ಅಥವಾ ಬ್ಯಾಟರಿಯ ಗುರುತು. ಅವುಗಳಲ್ಲಿ ಎಷ್ಟೋ ಪೋರ್ಟ್ ಬರೀ ಮೊಬೈಲ್ ಚಾರ್ಜ್ ಮಾಡಲಿಕ್ಕೆ. ಡೇಟಾ ತಂತಿ ಜೋಡಿಸಿಯೇ ಇರುವುದಿಲ್ಲ. ಡಿಸ್ಕ್ ಹಾಕಿದರೆ ಲೈಟ್ ಹತ್ತುತ್ತದೆ, ತಟ್ಟೆ ತಿರುಗುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣುವುದಿಲ್ಲ. ಏಳು ಪೋರ್ಟ್ ಎಂದು ಬರೆದಿದ್ದರೆ ಅದರಲ್ಲಿ ಡೇಟಾ ಎಷ್ಟು, ಚಾರ್ಜಿಂಗ್ ಎಷ್ಟು ಎಂದು ಕೇಳಿಯೇ ಕೊಳ್ಳಿ.

ಪ್ರತಿ ಪೋರ್ಟಿಗೂ ಸ್ವಿಚ್ ಇರುವ ಹಬ್ ಅನುಕೂಲ. ಬೇಡದ ಡಿಸ್ಕನ್ನು ಕೀಳದೆ ಆಫ್ ಮಾಡಬಹುದು. ಆದರೆ ಆ ಸ್ವಿಚ್ ಒತ್ತುವುದೂ ತಂತಿ ಕಿತ್ತುಹಾಕುವುದೂ ಒಂದೇ. ಮೊದಲು ವಿಂಡೋಸಿನಲ್ಲಿ ಇಜೆಕ್ಟ್ ಮಾಡಿ, ಆಮೇಲೆ ಸ್ವಿಚ್. ಚಿಕ್ಕ ಮಕ್ಕಳಿರುವ ಮನೆಯಲ್ಲಿ, ಹೊಳೆಯುವ ನೀಲಿ ಬಟನ್ ಇರುವ ಹಬ್ಬನ್ನು ಮೇಜಿನ ಮೇಲೆ ಇಡುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಹೊರಗಿನಿಂದ ಕಾಣದ ವಿಷಯ ಒಂದಿದೆ. ಹಬ್ಬಿನಲ್ಲಿ ಸಾಮಾನ್ಯವಾಗಿ ಬಳಸುವ ಚಿಪ್ ನಾಲ್ಕು ಪೋರ್ಟಿನದು. ಏಳು ಪೋರ್ಟಿನ ಹಬ್ ಅಂದರೆ ಹೆಚ್ಚಾಗಿ ಒಳಗೆ ಅಂಥ ಚಿಪ್ ಎರಡು: ಮೊದಲನೆಯದರ ಮೂರು ಪೋರ್ಟ್ ಹೊರಗೆ, ನಾಲ್ಕನೆಯದಕ್ಕೆ ಎರಡನೇ ಚಿಪ್, ಅದರ ನಾಲ್ಕು ಪೋರ್ಟ್ ಹೊರಗೆ. ನೀವು ಕೊಂಡದ್ದು ಒಂದೇ ಡಬ್ಬಿಯಾದರೂ ಕಂಪ್ಯೂಟರಿಗೆ ಕಾಣುವುದು ಒಂದರ ಬೆನ್ನಿಗೆ ಒಂದು ಹಬ್. ಯುಎಸ್‌ಬಿ ನಿಯಮ ಒಂದೇ ಸಾಲಿನಲ್ಲಿ ಐದು ಹಬ್‌ವರೆಗೆ ಒಪ್ಪುತ್ತದೆ. ಮಾನಿಟರಿನೊಳಗೆ, ಕ್ಯಾಬಿನೆಟ್ಟಿನ ಮುಂಭಾಗದಲ್ಲಿ ಅಡಗಿರುವ ಹಬ್‌ಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಹಬ್ಬಿಗೆ ಹಬ್ ಸಿಕ್ಕಿಸುತ್ತಾ ಹೋಗುವುದನ್ನು ಬಿಡಲು ಇದೂ ಒಂದು ಕಾರಣ. ಇನ್ನೂ ದೊಡ್ಡ ಕಾರಣ: ನಡುವಿನ ಯಾವುದಾದರೂ ಒಂದು ತಂತಿ ಅಲುಗಾಡಿದರೆ ಅದರಾಚೆಯ ಡಿಸ್ಕ್ ಎಲ್ಲವೂ ಒಟ್ಟಿಗೆ ಬೀಳುತ್ತವೆ.

ಲ್ಯಾಪ್‌ಟಾಪ್ ಇರುವವರಿಗೆ ಇನ್ನೊಂದು ಮಾತು. ಎಚ್‌ಡಿಎಂಐ, ಕಾರ್ಡ್ ರೀಡರ್ ಎಲ್ಲ ಇರುವ ಅಂಗೈಯಗಲದ ಟೈಪ್-ಸಿ ಹಬ್ಬಿಗೂ ಚಾರ್ಜರ್ ಚುಚ್ಚುವ ಜಾಗ ಇರುತ್ತದೆ. ಅದು ಮುಖ್ಯವಾಗಿ ಲ್ಯಾಪ್‌ಟಾಪನ್ನು ಚಾರ್ಜ್ ಮಾಡಲಿಕ್ಕೆ. ‘100 ವ್ಯಾಟ್’ ಎಂದು ಬರೆದ ಮಾತ್ರಕ್ಕೆ ಯುಎಸ್‌ಬಿ ಪೋರ್ಟುಗಳಿಗೆ ಅಷ್ಟು ಸಿಗುತ್ತದೆ ಎಂದಲ್ಲ. ಮೂರು ಡಿಸ್ಕ್ ಜೋಡಿಸುವ ಕೆಲಸಕ್ಕೆ ಸ್ವಂತ ಅಡಾಪ್ಟರಿನ ಹಬ್ಬೇ ಬೇಕು.

ಪಿನ್ ಒಂದೇ, ವೋಲ್ಟ್ ಬೇರೆ

ಈ ಕೆಲಸದಲ್ಲಿ ಆಗಬಹುದಾದ ಅತಿ ದುಬಾರಿ ತಪ್ಪು ಅಡಾಪ್ಟರ್ ಅದಲುಬದಲು. ಹಬ್, ದೊಡ್ಡ ಹಾರ್ಡ್ ಡಿಸ್ಕ್, ವೈಫೈ ರೂಟರ್, ಸೆಟ್‌ಟಾಪ್ ಬಾಕ್ಸ್ ಎಲ್ಲದರ ಅಡಾಪ್ಟರಿಗೂ ಒಂದೇ ತರಹದ ದುಂಡನೆಯ ಪಿನ್ ಇರುವುದುಂಟು. ಹೊರಗಿನ ಅಳತೆ 5.5 ಮಿಲಿಮೀಟರ್, ನಡುವಿನ ತೂತು 2.1. ಒಂದರದು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಒಂದರಲ್ಲಿ 5 ವೋಲ್ಟ್, ಇನ್ನೊಂದರಲ್ಲಿ 12.

5 ವೋಲ್ಟ್ ಹಬ್ಬಿಗೆ ದೊಡ್ಡ ಡಿಸ್ಕಿನ 12 ವೋಲ್ಟ್ ಅಡಾಪ್ಟರ್ ಹಾಕಿದರೆ ಏನಾಗುತ್ತದೆ? 5 ವೋಲ್ಟಿನ ಹಬ್ಬಿನಲ್ಲಿ ವೋಲ್ಟೇಜ್ ಇಳಿಸುವ ಭಾಗ ಇರುವುದೇ ಇಲ್ಲ, ಅಡಾಪ್ಟರಿನ ಕರೆಂಟ್ ನೇರ ಪೋರ್ಟಿಗೆ ಹೋಗುತ್ತದೆ. ಹಬ್ಬಿನ ಚಿಪ್ಪಿನ ಜೊತೆಗೆ ಆಗ ಚುಚ್ಚಿದ್ದ ಡಿಸ್ಕುಗಳ ಸರ್ಕಿಟ್ ಬೋರ್ಡೂ ಕ್ಷಣದಲ್ಲಿ ಸುಡಬಹುದು. ಮನೆಯ ಎಲ್ಲ ಫೋಟೊ ಆ ಡಿಸ್ಕುಗಳಲ್ಲೇ ಇರುತ್ತವೆ ಎಂಬುದನ್ನು ನೆನಪಿಡಿ.

ವೋಲ್ಟ್ ಒಂದೇ ಇದ್ದು ಆಂಪ್ ಕಡಿಮೆಯಾದರೆ ಅಷ್ಟು ಅಪಾಯವಿಲ್ಲ, ಗೊಂದಲ ಜಾಸ್ತಿ. 12 ವೋಲ್ಟ್ 3 ಆಂಪಿನ ಹಬ್ಬಿಗೆ ರೂಟರಿನ 12 ವೋಲ್ಟ್ 1 ಆಂಪಿನ ಅಡಾಪ್ಟರ್ ಹಾಕಿದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ, ಲೈಟೂ ಹತ್ತುತ್ತದೆ. ಎರಡನೆಯ ಡಿಸ್ಕ್ ಎದ್ದ ಕ್ಷಣ ಮೊದಲನೆಯದು ಬೀಳುತ್ತದೆ. ಹಾಗಾಗಿ ಡಬ್ಬ ಒಡೆದ ದಿನವೇ ಅಡಾಪ್ಟರಿನ ಎರಡೂ ತುದಿಗೆ ಬಿಳಿ ಟೇಪ್ ಸುತ್ತಿ ಮಾರ್ಕರಿನಲ್ಲಿ ಬರೆಯಿರಿ: ‘ಹಬ್, 12 ವೋಲ್ಟ್ 3 ಆಂಪ್’. ಪಿನ್ನಿನ ತುದಿಯಲ್ಲಿ ಬರೆಯುವುದೇ ಮುಖ್ಯ, ಏಕೆಂದರೆ ಮೇಜಿನ ಹಿಂದೆ ಕತ್ತಲಲ್ಲಿ ಕೈಗೆ ಸಿಗುವುದು ಆ ತುದಿ.

ಜೋಡಿಸುವ ಕ್ರಮ

ಮೊದಲು ಹಬ್ಬನ್ನು ಒಂಟಿಯಾಗಿ ಪರೀಕ್ಷಿಸಿ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ಚನ್ನೂ ಆಫ್ ಮಾಡಿ. ಡಿಸ್ಕ್ ಯಾವುದನ್ನೂ ಹಾಕದೆ ಹಬ್ಬನ್ನು ಕಂಪ್ಯೂಟರಿಗೆ ಸೇರಿಸಿ, ಹಬ್ಬಿನ ಅಡಾಪ್ಟರ್ ಮಾತ್ರ ಆನ್ ಮಾಡಿ. ಈಗ ಕಂಪ್ಯೂಟರಿನಲ್ಲಿ ಯಾವುದಾದರೂ ಲೈಟ್ ಮಿನುಗಿದರೆ, ಫ್ಯಾನ್ ಸ್ವಲ್ಪ ಅಲುಗಿದರೆ, ಹಬ್ ತನ್ನ 5 ವೋಲ್ಟನ್ನು ಹಿಂದಕ್ಕೆ ಕಂಪ್ಯೂಟರಿಗೇ ತಳ್ಳುತ್ತಿದೆ ಎಂದು ಅರ್ಥ. ಇದು ಯುಎಸ್‌ಬಿ ನಿಯಮಕ್ಕೆ ವಿರುದ್ಧ. ಅಗ್ಗದ ಹಬ್‌ಗಳಲ್ಲಿ ಕಾಸು ಉಳಿಸಲು ತಡೆಯುವ ಭಾಗವನ್ನು ಬಿಟ್ಟಿರುತ್ತಾರೆ. ಕಂಪ್ಯೂಟರ್ ಸರಿಯಾಗಿ ಬೂಟ್ ಆಗದಿರುವುದು, ಆಫ್ ಮಾಡಿದರೂ ಕೀಬೋರ್ಡ್ ಲೈಟ್ ಉರಿಯುತ್ತಿರುವುದು ಎಷ್ಟೋ ಸಲ ಇದರಿಂದಲೇ. ಅಂಥ ಹಬ್ಬನ್ನು ವಾಪಸ್ ಕೊಟ್ಟುಬಿಡಿ.

ಹಬ್ಬಿನ ತಂತಿ ಕಂಪ್ಯೂಟರಿನ ಹಿಂಭಾಗದ ಪೋರ್ಟಿಗೇ ಹೋಗಲಿ. ಹಿಂದಿನ ಪೋರ್ಟ್‌ಗಳು ಮದರ್‌ಬೋರ್ಡಿನ ಮೇಲೇ ಕೂತಿವೆ. ಮುಂಭಾಗದವು ಕ್ಯಾಬಿನೆಟ್ಟಿನೊಳಗೆ ಉದ್ದದ ತಂತಿಯೊಂದರ ಮೂಲಕ ಬರುತ್ತವೆ, ಅಲ್ಲೇ ಸಿಗ್ನಲ್ ಸೊರಗುತ್ತದೆ. ನೀಲಿ ನಾಲಿಗೆ ಅಥವಾ ಎಸ್‌ಎಸ್ ಗುರುತಿನ ಯುಎಸ್‌ಬಿ 3.0 ಪೋರ್ಟ್ ಆರಿಸಿ. ಹಬ್ ಜೊತೆ ಬಂದ ತಂತಿಯನ್ನೇ ಬಳಸಿ, ಅದಕ್ಕೆ ಎಕ್ಸ್‌ಟೆನ್ಶನ್ ಸೇರಿಸಬೇಡಿ. ಹಬ್ಬಿನಿಂದ ಡಿಸ್ಕಿಗೆ ಹೋಗುವ ತಂತಿ ಅರ್ಧ ಮೀಟರಿನೊಳಗಿದ್ದರೆ ಚೆನ್ನ. ತಂತಿ ಉದ್ದವಾದಷ್ಟೂ ತೆಳುವಾದಷ್ಟೂ ಡಿಸ್ಕಿಗೆ ತಲುಪುವ ವೋಲ್ಟ್ ಇಳಿಯುತ್ತದೆ. ಹಬ್ಬಿನಲ್ಲಿ 5.0 ಇದ್ದದ್ದು ಡಿಸ್ಕಿನಲ್ಲಿ 4.7ಕ್ಕೆ ಬಂದಿರಬಹುದು, ಎರಡೂವರೆ ಇಂಚಿನ ಡಿಸ್ಕುಗಳಿಗೆ 4.75ಕ್ಕಿಂತ ಕೆಳಗೆ ಇಳಿಯಬಾರದು.

ಪೋರ್ಟೆಬಲ್ ಡಿಸ್ಕಿನ ಆ ಅಗಲವಾದ ಎರಡು ಭಾಗದ ಸಾಕೆಟ್ಟನ್ನು ಒಮ್ಮೆ ಹತ್ತಿರದಿಂದ ನೋಡಿ. ದೊಡ್ಡ ಭಾಗಕ್ಕೆ ಹಳೇ ಮೊಬೈಲಿನ ಮೈಕ್ರೊ ಯುಎಸ್‌ಬಿ ತಂತಿ ಕೂರುತ್ತದೆ, ಡಿಸ್ಕ್ ಕೆಲಸವೂ ಮಾಡುತ್ತದೆ, ಆದರೆ ಯುಎಸ್‌ಬಿ 2.0 ವೇಗದಲ್ಲಿ. ಸರಿಯಾದ ತಂತಿಯನ್ನೇ ಹಾಕಿದ್ದರೂ ಪೂರ್ತಿ ಒಳಗೆ ಹೋಗದೆ ಓರೆಯಾಗಿ ಕೂತಿದ್ದರೆ ಇದೇ ಕಥೆ. ಈ ಸಾಕೆಟ್ ಬೇಗ ಸಡಿಲವಾಗುತ್ತದೆ. ತಂತಿ ತೂಗಾಡದಂತೆ, ಡಿಸ್ಕ್ ಚಪ್ಪಟೆಯಾಗಿ ಮಲಗಿರುವಂತೆ ಇಡಿ.

ಇನ್ನು ಡಿಸ್ಕ್ ಹಾಕುವುದು. ಕಂಪ್ಯೂಟರ್ ಪೂರ್ತಿ ಆನ್ ಆದ ಮೇಲೆ ಹಬ್ ಆನ್ ಮಾಡಿ. ಮೊದಲ ಡಿಸ್ಕ್ ಹಾಕಿ, ಫೈಲ್ ಎಕ್ಸ್‌ಪ್ಲೋರರಿನಲ್ಲಿ ಅದು ಬರುವವರೆಗೆ, ಅಂದರೆ ಹತ್ತು ಹದಿನೈದು ಸೆಕೆಂಡ್ ಕಾಯಿರಿ. ಆಮೇಲೆ ಎರಡನೆಯದು. ಕೊನೆಯದನ್ನು ಹಾಕುವಾಗ ಮೊದಲಿನದರ ಲೈಟ್ ಕಣ್ಣುಮಿಟುಕಿಸಿ ಆರಿದರೆ ಅಡಾಪ್ಟರಿನ ತಾಕತ್ತು ಅಲ್ಲಿಗೆ ಮುಗಿಯಿತು. ಇನ್ನೊಂದು ಪರೀಕ್ಷೆ ಬೇಕಿಲ್ಲ.

ವೈರ್‌ಲೆಸ್ ಮೌಸಿನ ಚಿಕ್ಕ ಡಾಂಗಲನ್ನು ಈ ಹಬ್ಬಿಗೆ ಹಾಕಬೇಡಿ. ಯುಎಸ್‌ಬಿ 3.0 ತಂತಿಗಳಿಂದ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತಲೇ ಬೀಳುತ್ತದೆ, ಮೌಸೂ ಅದೇ ತರಂಗದಲ್ಲಿದೆ. ಕಾಪಿ ನಡೆಯುವಾಗ ಮೌಸ್ ಜಿಗಿಯುತ್ತಿದ್ದರೆ ಡಾಂಗಲನ್ನು ಮುಂಭಾಗದ ಕಪ್ಪು ಪೋರ್ಟಿಗೆ ಬದಲಿಸಿ.

ಕರೆಂಟ್ ಹೋದಾಗ

ನಮ್ಮ ಕಡೆ ಈ ಭಾಗಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಗಮನ ಬೇಕು. ಕಂಪ್ಯೂಟರ್, ಮಾನಿಟರ್ ಎರಡೂ ಯುಪಿಎಸ್ ಮೇಲಿರುತ್ತವೆ. ಯುಪಿಎಸ್ ಹಿಂದೆ ಪ್ಲಗ್ ಖಾಲಿಯಿಲ್ಲ ಎಂದು ಹಬ್ಬಿನ ಅಡಾಪ್ಟರನ್ನು ಗೋಡೆಗೆ ಹಾಕಿರುತ್ತಾರೆ. ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ಬದುಕಿರುತ್ತದೆ, ಡಿಸ್ಕುಗಳು ಬರೆಯುತ್ತಿದ್ದ ಕಡೆಯೇ ಸಾಯುತ್ತವೆ. ಅರ್ಧ ಬರೆದ ಫೈಲ್ ಹೋಗುವುದು ಸಣ್ಣ ನಷ್ಟ. ಫೋಲ್ಡರ್ ಪಟ್ಟಿಯನ್ನೇ ತಿದ್ದುತ್ತಿದ್ದಾಗ ಆದರೆ ಇಡೀ ಡಿಸ್ಕ್ ‘ಫಾರ್ಮ್ಯಾಟ್ ಮಾಡಬೇಕೆ?’ ಎಂದು ಕೇಳಲು ಶುರುಮಾಡುತ್ತದೆ. ಕೇಳಿದರೂ ಫಾರ್ಮ್ಯಾಟ್ ಒತ್ತಬೇಡಿ, ರದ್ದು ಮಾಡಿ. ಡೇಟಾ ಹೆಚ್ಚಾಗಿ ಇನ್ನೂ ಅಲ್ಲೇ ಇರುತ್ತದೆ.

ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕುಗಳಿಗೆ ಈ ಭಯ ಜಾಸ್ತಿ, ಅದರಲ್ಲಿ ಮಾಡುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ಜರ್ನಲ್ ಇಲ್ಲ. ವಿಂಡೋಸಿಗೆ ಮಾತ್ರ ಬಳಸುವ, ಸದಾ ಹಬ್ಬಿನಲ್ಲಿರುವ ಡಿಸ್ಕಿಗೆ ಜರ್ನಲ್ ಇರುವ ಎನ್‌ಟಿಎಫ್‌ಎಸ್ ಸರಿ. ಮ್ಯಾಕ್‌ಗೂ ಒಯ್ಯುವ ಡಿಸ್ಕನ್ನು ಎಕ್ಸ್‌ಫ್ಯಾಟ್‌ನಲ್ಲೇ ಇಡಬೇಕಾಗುತ್ತದೆ, ಮ್ಯಾಕ್ ತಾನಾಗಿ ಎನ್‌ಟಿಎಫ್‌ಎಸ್ ಓದುತ್ತದೆಯೇ ಹೊರತು ಬರೆಯುವುದಿಲ್ಲ.

ಹಬ್ಬಿನ ಅಡಾಪ್ಟರ್, ದೊಡ್ಡ ಡಿಸ್ಕಿನ ಅಡಾಪ್ಟರ್, ಕಂಪ್ಯೂಟರ್ ಮೂರೂ ಒಂದೇ ಯುಪಿಎಸ್ ಮೇಲೆ ಇರಲಿ. ಯುಪಿಎಸ್ಸಿಗೆ ಹೊರೆಯೇನೂ ಆಗದು: ಹಬ್ ಹೆಚ್ಚೆಂದರೆ 24ರಿಂದ 36 ವ್ಯಾಟ್, ದೊಡ್ಡ ಡಿಸ್ಕ್ ತಿರುಗುತ್ತಿರುವಾಗ ಹತ್ತು ವ್ಯಾಟಿನೊಳಗೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ತಡೆಯುತ್ತದೆ. ಪ್ಲಗ್ ಸಾಲದಿದ್ದರೆ ಯುಪಿಎಸ್‌ಗೆ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿ, ಅಡಾಪ್ಟರುಗಳು ಮಾತ್ರ ಅದರಲ್ಲಿರಲಿ. ಲೇಸರ್ ಪ್ರಿಂಟರನ್ನು ಅಲ್ಲಿಗೆ ತರಬೇಡಿ.

ಯುಪಿಎಸ್ ಇಲ್ಲದೆ ಮನೆಗೆಲ್ಲ ಇನ್ವರ್ಟರ್ ಇರುವವರು ಎರಡು ಸಂಗತಿ ನೋಡಿಕೊಳ್ಳಬೇಕು. ಇನ್ವರ್ಟರಿನ ಹಿಂದೆ ಮೋಡ್ ಸ್ವಿಚ್ ಇದ್ದರೆ ಅದು ಯುಪಿಎಸ್ ಮೋಡಿನಲ್ಲಿರಬೇಕು, ಇಲ್ಲದಿದ್ದರೆ ಬದಲಾಗುವ ಹೊತ್ತಿಗೆ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಇನ್ನೊಂದು, ಮನೆಯ ಎಲ್ಲ ಪ್ಲಗ್ಗೂ ಇನ್ವರ್ಟರ್ ಲೈನಿನಲ್ಲಿ ಇರುವುದಿಲ್ಲ. ಮೇನ್ ಆಫ್ ಮಾಡಿ ಟೇಬಲ್ ಲ್ಯಾಂಪ್ ಚುಚ್ಚಿ ನೋಡಿದರೆ ಯಾವ ಪ್ಲಗ್ ಯಾವ ಲೈನಿನದು ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಡಿಸ್ಕಿನ ಲೋಹದ ಮೈ ಮುಟ್ಟಿದಾಗ ಜುಮ್ ಎಂದರೆ ಹೆದರುವವರಿದ್ದಾರೆ. ಎರಡು ಪಿನ್ನಿನ ಅಡಾಪ್ಟರುಗಳಲ್ಲಿ ಸೋರುವ ಅತಿ ಸಣ್ಣ ಕರೆಂಟ್ ಅದು. ಕಂಪ್ಯೂಟರಿನ ಮೂರು ಪಿನ್ ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಇದ್ದರೆ ಯುಎಸ್‌ಬಿ ತಂತಿಯ ಹೊದಿಕೆಯ ಮೂಲಕ ಅದು ನೆಲಕ್ಕೆ ಹೋಗಿಬಿಡುತ್ತದೆ. ಜುಮ್ ನಿಲ್ಲದಿದ್ದರೆ ನೋಡಬೇಕಾದ್ದು ಗೋಡೆಯ ಅರ್ತಿಂಗನ್ನು, ಎಲೆಕ್ಟ್ರಿಷಿಯನ್ ಕರೆಸಿ.

ವಿಂಡೋಸಿನಲ್ಲಿ ಮಾಡಬೇಕಾದ್ದು

ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ. ಯುಎಸ್‌ಬಿ ಸೆಟ್ಟಿಂಗ್ಸಿನಡಿ ‘ಸೆಲೆಕ್ಟಿವ್ ಸಸ್ಪೆಂಡ್’ ಇರುತ್ತದೆ, ಅದನ್ನು ಡಿಸೇಬಲ್ ಮಾಡಿ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ರೂಟ್ ಹಬ್ ಮತ್ತು ಜೆನೆರಿಕ್ ಹಬ್‌ಗಳ ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್ ತೆರೆದು, ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ. ಅರ್ಧ ಗಂಟೆ ಸುಮ್ಮನಿದ್ದ ಮೇಲೆ ಡಿಸ್ಕ್ ಮಾಯವಾಗುವ ಎಷ್ಟೋ ದೂರುಗಳು ಇಲ್ಲಿಗೆ ಮುಗಿಯುತ್ತವೆ. ದೊಡ್ಡ ಡಿಸ್ಕುಗಳ ಕೇಸಿಂಗ್ ತಾನೇ ಡಿಸ್ಕನ್ನು ಮಲಗಿಸುವುದು ಬೇರೆ ವಿಷಯ; ಫೋಲ್ಡರ್ ತೆರೆದಾಗ ಐದರಿಂದ ಹತ್ತು ಸೆಕೆಂಡ್ ತಡವಾದರೆ ಅದು ದೋಷವಲ್ಲ.

ಡ್ರೈವ್ ಅಕ್ಷರವನ್ನು ಸ್ಥಿರ ಮಾಡಿಕೊಳ್ಳಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಡಿಸ್ಕ್ ಮ್ಯಾನೇಜ್‌ಮೆಂಟ್, ಬೇಕಾದ ಭಾಗದ ಮೇಲೆ ರೈಟ್ ಕ್ಲಿಕ್, ಚೇಂಜ್ ಡ್ರೈವ್ ಲೆಟರ್. ಪಿ, ಕ್ಯೂ, ಆರ್ ಹೀಗೆ ಕೊನೆಯ ಕಡೆಯ ಅಕ್ಷರ ಕೊಟ್ಟರೆ ನಡುವೆ ಚುಚ್ಚುವ ಪೆನ್ ಡ್ರೈವ್ ಆ ಜಾಗ ಕಸಿಯುವುದಿಲ್ಲ, ಬ್ಯಾಕಪ್ ಸಾಫ್ಟ್‌ವೇರೂ ತಪ್ಪು ಡಿಸ್ಕಿಗೆ ಬರೆಯುವುದಿಲ್ಲ. ಅದೇ ಅಕ್ಷರವನ್ನು ಚೀಟಿಯಲ್ಲಿ ಬರೆದು ಡಿಸ್ಕಿನ ಮೇಲೆ ಅಂಟಿಸಿ. ಒಂದೇ ಬಣ್ಣದ ಮೂರು ಡಿಸ್ಕಿನಲ್ಲಿ ಕೀಳಬೇಕಾದ್ದು ಯಾವುದು ಎಂಬ ಪ್ರಶ್ನೆ ಬಂದಾಗ ಈ ಚೀಟಿಯ ಬೆಲೆ ತಿಳಿಯುತ್ತದೆ.

ಡಿಸ್ಕಿನ ಪ್ರಾಪರ್ಟೀಸಿನಲ್ಲಿ ‘ಕ್ವಿಕ್ ರಿಮೂವಲ್’ ಮತ್ತು ‘ಬೆಟರ್ ಪರ್ಫಾರ್ಮೆನ್ಸ್’ ಎಂಬ ಎರಡು ಪಾಲಿಸಿ ಇವೆ. ವಿಂಡೋಸ್ 10ರ 1809 ಆವೃತ್ತಿಯಿಂದ ಮೊದಲನೆಯದೇ ತಾನಾಗಿ ಇರುತ್ತದೆ. ಹಬ್ಬಿನ ಡಿಸ್ಕುಗಳಿಗೆ ಅದನ್ನು ಹಾಗೇ ಬಿಡಿ. ಬಯಾಸಿನ, ಅಂದರೆ ವಿಂಡೋಸಿಗೂ ಮೊದಲು ಓಡುವ ಸೆಟಪ್ಪಿನ, ಬೂಟ್ ಕ್ರಮದಲ್ಲಿ ಒಳಗಿನ ಡಿಸ್ಕ್ ಮೊದಲಿರಲಿ. ಕಂಪನಿಯ ಲೋಗೋ ಮೇಲೇ ಕಂಪ್ಯೂಟರ್ ನಿಂತುಬಿಟ್ಟರೆ ಹಬ್ ಆಫ್ ಮಾಡಿ ಮತ್ತೆ ಆನ್ ಮಾಡಿ ನೋಡಿ.

ವೇಗ ಎಷ್ಟು ನಿರೀಕ್ಷಿಸಬಹುದು

5 ಗಿಗಾಬಿಟ್ ಹಬ್ಬಿನಿಂದ ನಿಜವಾಗಿ ಸಿಗುವುದು ಸೆಕೆಂಡಿಗೆ 400 ಮೆಗಾಬೈಟ್ ಚಿಲ್ಲರೆ, ಅದು ಎಲ್ಲ ಡಿಸ್ಕಿಗೂ ಸೇರಿ. ತಿರುಗುವ ಡಿಸ್ಕ್ ಒಂದು ನೂರು ನೂರಿಪ್ಪತ್ತರಲ್ಲಿ ಓಡುತ್ತದೆ. ಒಂದೇ ಹಬ್ಬಿನ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಕಾಪಿ ಮಾಡಿದರೂ ವೇಗ ಬೀಳುವುದಿಲ್ಲ, ಯುಎಸ್‌ಬಿ 3.0ರಲ್ಲಿ ಹೋಗುವ ದಾರಿ, ಬರುವ ದಾರಿ ಬೇರೆ ಬೇರೆ. 2.0ರಲ್ಲಿ ದಾರಿ ಒಂದೇ, ಸರದಿ ಕಾಯಬೇಕು.

ವೇಗ 30ರಿಂದ 40ರಲ್ಲೇ ಗಟ್ಟಿಯಾಗಿ ನಿಂತಿದ್ದರೆ ಎಲ್ಲೋ 2.0 ನುಸುಳಿದೆ: ಪೋರ್ಟ್, ತಂತಿ, ಅಥವಾ ಪೂರ್ತಿ ಕೂರದ ಪಿನ್. 1 ಟೆರಾಬೈಟ್ ಕಾಪಿಗೆ 100ರ ವೇಗದಲ್ಲಿ ಮೂರು ಗಂಟೆಯ ಒಳಗೆ ಮುಗಿಯುವುದು 35ರಲ್ಲಿ ಎಂಟು ಗಂಟೆ ಹಿಡಿಯುತ್ತದೆ. ಶುರುವಿನಲ್ಲಿ 120 ಇದ್ದು ಸ್ವಲ್ಪ ಹೊತ್ತಿಗೆ 20, 30ಕ್ಕೆ ಕುಸಿದರೆ ಹಬ್ಬನ್ನು ಬೈಯಬೇಡಿ. ಪೋರ್ಟೆಬಲ್ ಡಿಸ್ಕುಗಳಲ್ಲಿ ಹಲವು ಎಸ್‌ಎಂಆರ್ ಬಗೆಯವು; ಅವುಗಳಲ್ಲಿ ಪಟ್ಟಿಯ ಮೇಲೆ ಪಟ್ಟಿ ಬರೆಯುವುದರಿಂದ ತಾತ್ಕಾಲಿಕ ಜಾಗ ತುಂಬಿದ ಮೇಲೆ ನಿಧಾನವಾಗುವುದು ಸಹಜ.

ಡಿಸ್ಕ್ ಬೀಳುತ್ತಿದ್ದರೆ ತಪ್ಪು ಯಾರದು

ಎಲ್ಲ ಜೋಡಿಸಿದ ಮೇಲೆ ಒಂದು ಪರೀಕ್ಷೆ ಮಾಡಿ. 20, 30 ಗಿಗಾಬೈಟಿನ ಫೋಲ್ಡರನ್ನು ಎಲ್ಲ ಡಿಸ್ಕಿಗೂ ಒಟ್ಟಿಗೇ ಕಾಪಿಗೆ ಹಾಕಿ. ಮುಗಿದ ಮೇಲೆ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್, ಸಿಸ್ಟಮ್ ನೋಡಿ. ಅಲ್ಲಿ 157 ಸಂಖ್ಯೆಯ ಸಂದೇಶ ಇದ್ದರೆ ಡಿಸ್ಕ್ ಹೇಳದೆ ಕೇಳದೆ ಕಡಿದುಹೋಗಿದೆ. 153 ಇದ್ದರೆ ಓದುವುದನ್ನೋ ಬರೆಯುವುದನ್ನೋ ಮತ್ತೆ ಪ್ರಯತ್ನಿಸಬೇಕಾಯಿತು. 129 ಇದ್ದರೆ ಡಿಸ್ಕ್ ಉತ್ತರ ಕೊಡದೆ ವಿಂಡೋಸ್ ಅದನ್ನು ರೀಸೆಟ್ ಮಾಡಿದೆ. ಕಾಪಿ ಸರಾಗವಾಗಿ ಮುಗಿದಂತೆ ಕಂಡರೂ ಇವು ಸಾಲಾಗಿದ್ದರೆ ಆ ಜೋಡಣೆಯನ್ನು ನಂಬುವಂತಿಲ್ಲ.

ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಸಾಫ್ಟ್‌ವೇರ್ ಹಾಕಿ ಡಿಸ್ಕಿನ ಆರೋಗ್ಯ ನೋಡಿ. 05 (ಕೆಟ್ಟು ಬದಲಿಸಿದ ಜಾಗಗಳು) ಮತ್ತು ಸಿ5 (ಓದಲಾಗದೆ ಅನುಮಾನದಲ್ಲಿರುವ ಜಾಗಗಳು) ಸಾಲುಗಳ ಕಚ್ಚಾ ಸಂಖ್ಯೆ ಸೊನ್ನೆಯಾಗಿದ್ದೂ ಡಿಸ್ಕ್ ಬೀಳುತ್ತಿದ್ದರೆ ತಪ್ಪು ಬಹುತೇಕ ಕರೆಂಟ್, ತಂತಿ ಅಥವಾ ಹಬ್ಬಿನದು. ಅದೇ ಡಿಸ್ಕನ್ನು ಚಿಕ್ಕ ತಂತಿಯಲ್ಲಿ ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ನೇರ ಹಾಕಿ ಅದೇ ಕಾಪಿ ಮಾಡಿ. ಸರಿ ಹೋದರೆ ಹಬ್ಬಿಗೆ ಮರಳಿ, ಬೇರೆ ಡಿಸ್ಕ್ ಯಾವುದೂ ಇಲ್ಲದೆ ಒಂದನ್ನೇ ಹಾಕಿ ನೋಡಿ. ಒಂಟಿಯಾಗಿ ಸರಿಯಿದ್ದು ಜೊತೆಯಲ್ಲಿ ಕೆಟ್ಟರೆ ಅಡಾಪ್ಟರ್ ಸಾಲದು. ಒಂಟಿಯಾಗಿಯೂ ಕೆಟ್ಟರೆ ಪೋರ್ಟ್ ಬದಲಿಸಿ, ತಂತಿ ಬದಲಿಸಿ. ಕೆಲವು ನೂರು ರೂಪಾಯಿಗೆ ಸಿಗುವ ಯುಎಸ್‌ಬಿ ಮೀಟರನ್ನು ಹಬ್ಬಿಗೂ ಡಿಸ್ಕಿನ ತಂತಿಗೂ ನಡುವೆ ಇಟ್ಟರೆ ಊಹೆ ಮಾಡುವ ಕೆಲಸವೇ ಉಳಿಯದು. ಓದುವುದಿದ್ದರೆ ಕಾಪಿ ನಡೆಯುವಾಗ ಓದಿ, ಸುಮ್ಮನಿರುವಾಗಿನ ವೋಲ್ಟ್ ಯಾವಾಗಲೂ ಚೆನ್ನಾಗಿಯೇ ಇರುತ್ತದೆ.

ಒಂದು ಡಿಸ್ಕ್ ಹಾಕಿದೊಡನೆ ಎಲ್ಲವೂ ಒಟ್ಟಿಗೆ ಬಿದ್ದರೆ ಆ ಡಿಸ್ಕಿನಲ್ಲೋ ಅದರ ತಂತಿಯಲ್ಲೋ ಶಾರ್ಟ್ ಇರಬಹುದು. ಒಳ್ಳೆಯ ಹಬ್‌ಗಳಲ್ಲಿ ಪ್ರತಿ ಪೋರ್ಟಿಗೂ ಪ್ರತ್ಯೇಕ ರಕ್ಷಣೆ ಇರುತ್ತದೆ, ಅಗ್ಗದವುಗಳಲ್ಲಿ ಎಲ್ಲಕ್ಕೂ ಸೇರಿ ಒಂದೇ.

ಸಿ5 ಸೊನ್ನೆಗಿಂತ ಮೇಲಿದ್ದರೆ ಕಥೆ ಬೇರೆ. ರಿಪೇರಿ, ಚೆಕ್‌ಡಿಸ್ಕ್ ಏನನ್ನೂ ಓಡಿಸದೆ ಮೊದಲು ಡೇಟಾವನ್ನು ಬೇರೆ ಕಡೆ ಇಳಿಸಿಕೊಳ್ಳಿ, ನೇರ ಪೋರ್ಟಿನಿಂದಲೇ.

ಹಬ್ ಎಲ್ಲಿಗೆ ಸಾಕು

ಸದಾ ಆನ್ ಇರುವ ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ನಡುವೆ ಎರಡು ಬೆರಳಿನ ಜಾಗ ಇರಲಿ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆ ಕೋಣೆಯೇ ನಲವತ್ತರ ಹತ್ತಿರ ಇರುವಾಗ ಡಿಸ್ಕ್ 50 ಡಿಗ್ರಿ ದಾಟುವುದು ದೊಡ್ಡದಲ್ಲ. ಚಿಕ್ಕ ಫ್ಯಾನೊಂದನ್ನು ಆ ಕಡೆ ತಿರುಗಿಸಿದರೂ ನಾಲ್ಕೈದು ಡಿಗ್ರಿ ಇಳಿಯುತ್ತದೆ.

ಹಬ್ಬಿನ ಡಿಸ್ಕುಗಳನ್ನು ಒಂದೇ ಡಿಸ್ಕಿನಂತೆ ಸೇರಿಸಿ ರೇಡ್ ಅಥವಾ ಸ್ಟೋರೇಜ್ ಸ್ಪೇಸಸ್ ಮಾಡುವ ಆಸೆ ಬೇಡ. ಒಂದು ತಂತಿ ಅಲುಗಿದರೆ ಎರಡು ಡಿಸ್ಕ್ ಒಟ್ಟಿಗೆ ಬಿದ್ದು ಇಡೀ ಗುಂಪೇ ಕೆಡಬಹುದು. ಹಾಗೆಯೇ ಒಂದೇ ಹಬ್ಬಿನಲ್ಲಿ ಸದಾ ಸಿಕ್ಕಿಸಿರುವ ಎರಡು ಡಿಸ್ಕಿನಲ್ಲಿ ಒಂದರ ನಕಲು ಇನ್ನೊಂದರಲ್ಲಿದ್ದರೆ ಅದನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಿಡಿಲಿನ ವೋಲ್ಟೇಜಿಗೂ ಫೈಲಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರಿಗೂ ಎರಡೂ ಒಂದೇ ಏಟಿಗೆ ಸಿಗುತ್ತವೆ. ಮೂರನೆಯ ನಕಲೊಂದು ಇರಲಿ, ಅದು ತಂತಿ ಕಿತ್ತು ಬೀರುವಿನಲ್ಲಿರಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ.

ಡಿಸ್ಕ್ ಐದಾರು ದಾಟಿದರೆ, ಅಥವಾ ಅಡಾಪ್ಟರ್ ಬೇಕಾದ ದೊಡ್ಡ ಡ್ರೈವುಗಳೇ ಮೂರು ನಾಲ್ಕಾದರೆ, ಇನ್ನೊಂದು ಹಬ್ ಕೊಳ್ಳುವ ಬದಲು ನಾಲ್ಕು ಡಿಸ್ಕ್ ಕೂರುವ ಒಂದೇ ಎನ್‌ಕ್ಲೋಷರ್ ಕೊಳ್ಳುವುದು ಲೇಸು. ಅದರಲ್ಲಿ ಪವರ್ ಸಪ್ಲೈ ಒಂದು, ಯುಎಸ್‌ಬಿ ತಂತಿ ಒಂದು, ಹಿಂದೆ ಫ್ಯಾನ್ ಒಂದು ಇರುತ್ತದೆ. ಆದರೆ ಹಳೆಯ ಕೇಸಿಂಗಿನಿಂದ ಡಿಸ್ಕ್ ಬಿಚ್ಚಿ ಅದಕ್ಕೆ ಹಾಕುವ ಮೊದಲು ಡೇಟಾವನ್ನು ಬೇರೆಡೆ ಇಳಿಸಿಕೊಂಡಿರಿ. ಕೆಲವು ಕಂಪನಿಗಳ ಕೇಸಿಂಗಿನ ಬೋರ್ಡ್ ಡೇಟಾವನ್ನು ಎನ್‌ಕ್ರಿಪ್ಟ್ ಮಾಡಿಯೇ ಬರೆದಿರುತ್ತದೆ, ನೀವು ಪಾಸ್‌ವರ್ಡ್ ಇಟ್ಟಿರದಿದ್ದರೂ. ಆ ಬೋರ್ಡ್ ಇಲ್ಲದೆ ಬೇರೆ ಕಡೆ ಹಾಕಿದರೆ ಡಿಸ್ಕ್ ಖಾಲಿ ಎಂದೇ ತೋರಿಸುತ್ತದೆ. ಇನ್ನು ಕೆಲವು ಪೋರ್ಟೆಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಸಾಕೆಟ್ ಡಿಸ್ಕಿನ ಬೋರ್ಡಿನ ಮೇಲೇ ಬೆಸೆದಿರುತ್ತದೆ, ಒಳಗೆ ಸಾಟಾ ಕನೆಕ್ಟರೇ ಇರುವುದಿಲ್ಲ. ಅವನ್ನು ಬಿಚ್ಚಿದರೂ ಎನ್‌ಕ್ಲೋಷರಿನಲ್ಲಿ ಕೂರಿಸಲಾಗದು, ಹಬ್ಬಿನಲ್ಲೇ ಮುಂದುವರಿಸಬೇಕು.